ಹನ್ನೊಂದು ಸೆಕೆಂಡಿನ ಉಳಿಕೆ

ಹಾಡು ಕೇಳುವಾಗ, ಮಾತು ಕೇಳುವಾಗ ಕಂಪ್ಯೂಟರಿನಲ್ಲಿ ಗರಗರ ಸದ್ದು ಬರುತ್ತದೆ ಎಂಬ ದೂರು ನಮ್ಮ ಕೌಂಟರಿಗೆ ಬಂದು ಹದಿನಾಲ್ಕು ವರ್ಷವಾಗಿತ್ತು. ಆದ್ದರಿಂದ ಆ ಸೋಮವಾರ ಎಪ್ಪತ್ತರ ಆಸುಪಾಸಿನ ಹೆಂಗಸೊಬ್ಬರು ನನ್ನ ಎದುರಿಗೆ ಕುಳಿತು, “ಅಕ್ಕಾರ, ನಮ್ಮ ಯಜಮಾನ್ರ ದನಿಯಾಗ ಕಸ ಬಿದ್ದೈತಿ, ತಗದು ಕೊಡ್ರಿ” ಎಂದಾಗ ನನಗೆ ನಗು ಬಂತು. ಅವರನ್ನು ನೋಡಿ ಬಂದ ನಗುವಲ್ಲ, ಸಂತೋಷದ ನಗು. ಹದಿನಾಲ್ಕು ವರ್ಷ ಗಿರಾಕಿ ಇಲ್ಲದ ಅಂಗಡಿಯಲ್ಲಿ ಕುಳಿತವರಿಗೆ ಮಾತ್ರ ಅದು ಅರ್ಥವಾದೀತು.

ನಾನು ನೀಲಾಂಬಿಕಾ ಹೊಸಮನಿ. ಊರವರ ದನಿಗಳನ್ನು ಕೂಡಿಡುವ ಹುಬ್ಬಳ್ಳಿಯ ಧ್ವನಿಕೋಶದಲ್ಲಿ ದುರಸ್ತಿ ವಿಭಾಗದ ಮುಖ್ಯಸ್ಥೆ. ವಿಭಾಗದಲ್ಲಿ ಇರುವುದು ನಾನೊಬ್ಬಳೇ, ಹಾಗಾಗಿ ಮುಖ್ಯಸ್ಥೆಯೂ ನಾನೇ, ಜವಾನನೂ ನಾನೇ. ಮೊದಲು ಈ ಊರಿನಲ್ಲಿ ಸದ್ದು ತೆಗೆಯುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಯಾರದೋ ಅಜ್ಜನ ಭಾಷಣದ ಹಿಂದಿನ ಫ್ಯಾನಿನ ಸದ್ದು, ಯಾರದೋ ಮಗುವಿನ ಮೊದಲ ಮಾತಿನ ಹಿಂದಿನ ಕುಕ್ಕರಿನ ಸೀಟಿ, ಎಲ್ಲವನ್ನೂ ಅಕ್ಕಿಯಿಂದ ಕಲ್ಲು ಆರಿಸಿದ ಹಾಗೆ ಆರಿಸಿ ಎಸೆಯುತ್ತಿದ್ದೆ. ಆಮೇಲೆ ಬೀಜದ ಕಾಯಿದೆ ಬಂತು. ನನ್ನ ಕಲೆಗೆ ಕೆಲಸವಿಲ್ಲದಂತಾಯಿತು.

ಬೀಜದ ಕಾಯಿದೆ ಬಂದದ್ದಕ್ಕೆ ಕಾರಣವೂ ಇತ್ತು. ಜನ ಕಂಡದ್ದನ್ನು, ಕೇಳಿದ್ದನ್ನು, ಉಂಡದ್ದನ್ನು ಎಲ್ಲ ರೆಕಾರ್ಡ್ ಮಾಡಿ ಕೂಡಿಟ್ಟರು. ಅದನ್ನು ಕಾಯುವ ಯಂತ್ರಗಳು ಬಿಸಿಯಾಗದಿರಲು ಊರಿನ ಕುಡಿಯುವ ನೀರನ್ನೇ ಹರಿಸಬೇಕಾಗಿ ಬಂತು. ಎಂಟು ದಿನಕ್ಕೊಮ್ಮೆ ಬರುತ್ತಿದ್ದ ನೀರು ಹದಿನೈದು ದಿನಕ್ಕೊಮ್ಮೆ ಬರತೊಡಗಿದಾಗ ಹುಬ್ಬಳ್ಳಿಯವರು ಬೀದಿಗಿಳಿದರು. ಆಗ ಸರ್ಕಾರ ಹೇಳಿತು: ಇನ್ನು ಮೇಲೆ ಯಾರೂ ಸದ್ದನ್ನು ಸದ್ದಾಗಿ ಇಡುವಂತಿಲ್ಲ, ಬೀಜವಾಗಿ ಇಡಬೇಕು. ಬೀಜವೆಂದರೆ ಆಡಿದ ಮಾತು ಮತ್ತು ಆಡಿದವರ ಕಂಠದ ಅಳತೆ, ಎರಡೇ. ಕೇಳಬೇಕೆನಿಸಿದಾಗ ಕಂಪ್ಯೂಟರು ಆ ಬೀಜದಿಂದ ದನಿಯನ್ನು ಹೊಸದಾಗಿ ಬೆಳೆಸಿ ಕೇಳಿಸುತ್ತದೆ. ಒಂದು ನಿಮಿಷದ ಸದ್ದು ಹಿಡಿಯುವ ಜಾಗದಲ್ಲಿ ಸಾವಿರ ನಿಮಿಷದ ಬೀಜ ಹಿಡಿಯುತ್ತದೆ. ಮನೆಗೊಂದು ಮಡಿಕೆಯೆಂದು ಜಾಗ ಹಂಚಿದರು. ಮಡಿಕೆ ತುಂಬಿದರೆ ಹೊಸದು ಇಡಲು ಹಳೆಯದು ತೆಗೆಯಬೇಕು.

ಜನರಿಗೆ ಇದು ಬಹಳ ಹಿಡಿಸಿತು. ಸತ್ತ ಅಪ್ಪ ಕೆಮ್ಮದೆ ಮಾತಾಡುತ್ತಾನೆ, ಸತ್ತ ಅಜ್ಜಿ ಬೊಚ್ಚುಬಾಯಿಯಲ್ಲೂ ಸ್ಪಷ್ಟವಾಗಿ ಹರಸುತ್ತಾಳೆ. ಫೋನುಗಳೂ ಇದನ್ನೇ ಕಲಿತವು. ತೊದಲಿದರೆ ತಿದ್ದುತ್ತವೆ, ಬಿಕ್ಕಿದರೆ ಒರೆಸುತ್ತವೆ. ಈಗಿನ ಹುಡುಗರು ಯಂತ್ರದೊಳಗಿಂದ ಒಂದು ಕೆಮ್ಮನ್ನೂ ಒಂದು ಸೀನನ್ನೂ ಕೇಳಿದವರಲ್ಲ.

“ಏನ್ ಸದ್ದು ಬರ್ತೈತ್ರೀ ಅವ್ವಾರ?” ಎಂದು ಕೇಳಿದೆ.

ಹೆಂಗಸಿನ ಹೆಸರು ಕಸ್ತೂರವ್ವ ಬಾರಕೇರ. ಮೇಜಿನ ಮೇಲೆ ಉಗುರಿನಿಂದ ಕುಟ್ಟಿ ತೋರಿಸಿದರು. “ಟಕ್, ಟಕ್, ಟಕ್ ಅಂತೈತಿ. ಆಮ್ಯಾಲ ಸೊರ್ರ್ ಅಂತೈತಿ. ಅವರ ಮಾತಿನ ಮ್ಯಾಲss ಬಂದು ಬೀಳ್ತೈತ್ರಿ. ಹೋದ ತಿಂಗಳತನಾ ಸುದ್ದ ಇತ್ತು. ಮುಂದಿನ ವಾರ ಗುರುವಾರ ಮೊಮ್ಮಗನ ಮದಿವಿ. ಅಷ್ಟರೊಳಗ ಆಗಬೇಕು.”

“ಮದಿವಿಗೂ ಇದಕ್ಕೂ ಏನ್ ಸಂಬಂಧ?”

ಅವರು ಸೆರಗು ಸರಿಮಾಡಿಕೊಂಡರು. ಅವರ ಮನೆಯಲ್ಲಿ ಹೊಸ ಮದುಮಕ್ಕಳು ಹೊಸ್ತಿಲು ದಾಟುವಾಗ ಹೆಂಗಸರು ಬಾಗಿಲು ತಡೆಯುತ್ತಾರೆ. ಗಂಡ ಹೆಂಡತಿಯ ಹೆಸರನ್ನೂ ಹೆಂಡತಿ ಗಂಡನ ಹೆಸರನ್ನೂ ಒಡಪಿನಲ್ಲಿ, ಎಂದರೆ ಪ್ರಾಸದ ಎರಡು ಸಾಲಿನಲ್ಲಿ, ಕಟ್ಟಿ ಹೇಳಿದರೆ ಮಾತ್ರ ಒಳಗೆ ಬಿಡುವುದು. ಇದು ನಮ್ಮ ಕಡೆಯ ಎಲ್ಲರಿಗೂ ಗೊತ್ತಿದ್ದದ್ದೇ. ಇವರ ಮನೆಯಲ್ಲಿ ಈಚೆಗೆ ಇನ್ನೊಂದು ಪದ್ಧತಿ ಸೇರಿಕೊಂಡಿದೆ. ಮೊದಲು ಮನೆಯ ಹಿರಿಯರ ಒಡಪು ಕೇಳಿಸಿ, ಆಮೇಲೆ ಹೊಸಬರದು. ನಲವತ್ತಾರು ವರ್ಷದ ಹಿಂದೆ ಅವರ ಗಂಡ, ಈಗ ತೀರಿಕೊಂಡಿರುವ ಫಕ್ಕೀರಪ್ಪ, ತನ್ನ ಮದುವೆಯಲ್ಲಿ ಹೇಳಿದ ಒಡಪು ಯಾರದೋ ಮೊಬೈಲಿನಲ್ಲಿ ಉಳಿದಿತ್ತು.

“ಮಂದಿ ಕೇಳಬೇಕ್ರಿ ಅಕ್ಕಾರ, ಅವರು ಎಷ್ಟ್ ಚಂದ ಹೇಳ್ಯಾರ ಅಂತ,” ಎಂದರು. ಆ ಮಾತಿನಲ್ಲಿ ಯಾಕೋ ಒಂದು ಹಟವಿತ್ತು.

*

ಮಾರನೆಯ ದಿನ ನನ್ನ ಹಳೆಯ ಚೀಲ ಹೆಗಲಿಗೇರಿಸಿ ಅವರ ಮನೆಗೆ ಹೋದೆ. ಹಳೇ ಹುಬ್ಬಳ್ಳಿಯ ಎರಡಂತಸ್ತಿನ ಮನೆ. ಪಡಸಾಲೆಯಲ್ಲಿ ಆರೇಳು ಹೆಂಗಸರು ಕರ್ಚಿಕಾಯಿ ಮಾಡುತ್ತ ಕುಳಿತಿದ್ದರು. ಅವರ ನಡುವೆ ಗೋಡೆಗೆ ಒರಗಿ ಕುಳಿತ ಮುದುಕಿಯನ್ನು ಕಸ್ತೂರವ್ವ ತೋರಿಸಿದರು. “ಇವರು ನಮ್ಮ ನೆಗೆಣ್ಣಿ ಈರವ್ವ. ನಮ್ಮ ಭಾವನ ಹೇಣ್ತಿ.”

ಈರವ್ವನಿಗೆ ಎಂಬತ್ತು ದಾಟಿದೆ, ಕಿವಿ ಮಾತ್ರ ಇನ್ನೂ ಚುರುಕು. “ಸದ್ದು ತಗ್ಯಾಕ ಬಂದಿಯೇನವಾ? ತಗೀ ತಗೀ. ಇಕಿ ತಿಂಗಳಾತು ಉಣವಲ್ಲಳು.”

ಕಂಪ್ಯೂಟರು ಒಳಕೋಣೆಯಲ್ಲಿತ್ತು. ಒಡಪು ಹಚ್ಚಿಸಿದೆ. ಗಂಭೀರವಾದ, ಎಲ್ಲೂ ತಡೆಯದ ಗಂಡು ದನಿ ಬಂತು:

“ಹತ್ತಿದವರು ಇಳಿಯೂದು ಊರು ಬಂದ್ರ ಖಾತರಿ,
ಇಳೀದಂಗ ಕುಂತಾಳ ಕಿಡಕಿ ಸೀಟಿಗೆ ಕಸ್ತೂರಿ.”

ಅದರ ಮೇಲೆಲ್ಲ ಟಕ್ ಟಕ್ ಸೊರ್ರ್. ಸೀರೆಯ ಅಂಚಿನ ಮೇಲೆ ಮಸಿ ಚೆಲ್ಲಿದ ಹಾಗೆ.

“ಕಂಡಕ್ಟರ್ ಇದ್ರೇನ್ರೀ?”

“ಮೂವತ್ತೆರಡು ವರ್ಷ,” ಎಂದರು ಕಸ್ತೂರವ್ವ.

ಕೆಲಸಕ್ಕೆ ಇಳಿದೆ. ಮೊದಲು ಫ್ರಿಜ್ ಬಂದ್ ಮಾಡಿಸಿದೆ, ಆಮೇಲೆ ಚಾರ್ಜರ್ ಕಿತ್ತೆ. ಸದ್ದು ಹೋಗಲಿಲ್ಲ. ಸ್ಪೀಕರಿನ ವೈರು ಅಲುಗಾಡಿಸಿದೆ, ಬೇರೆ ವೈರು ಹಾಕಿದೆ, ಬೇರೆ ಸ್ಪೀಕರ್ ಹಾಕಿದೆ. ಅರ್ಥಿಂಗ್ ನೋಡಿದೆ, ಸರಿಯಾಗಿತ್ತು. ದನಿಯನ್ನು ಹಿಗ್ಗಿಸುವ, ಮೆರುಗು ಕೊಡುವ ಸೆಟ್ಟಿಂಗುಗಳನ್ನೆಲ್ಲ ಬಂದ್ ಮಾಡಿದೆ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಕೊನೆಗೆ ನನ್ನದೇ ಕಂಪ್ಯೂಟರು ತೆಗೆದು ಅದರಲ್ಲೂ ಹಚ್ಚಿದೆ. ಪ್ರತಿ ಸಲವೂ ಅದೇ ಸದ್ದು, ಅದೇ ಜಾಗದಲ್ಲಿ. ಇದೇ ನನಗೆ ಬೇಕಾಗಿದ್ದ ಸುಳಿವು. ತಂತಿಯ ದೋಷ, ಕರೆಂಟಿನ ದೋಷ ಜಾಗ ಬದಲಿಸುತ್ತದೆ. ಜಾಗ ಬದಲಿಸದ ಸದ್ದು ಮನೆಯದಲ್ಲ, ಬೀಜದ ಜೊತೆಗೇ ಬಂದದ್ದು.

ಚಹಾ ಕೊಡುತ್ತ ಕಸ್ತೂರವ್ವ ದನಿ ತಗ್ಗಿಸಿದರು. “ಒಂದ್ ಮಾತು ಹೇಳ್ತೇನ್ರಿ ಅಕ್ಕಾರ. ನಮ್ಮವರಿಗೆ ಮಾತು ತಡೀತಿತ್ತು. ತೊದಲು. ಕ, ಪ, ಟ ಬಂತಂದ್ರ ಮುಗೀತು, ಬಾಯಿ ಕಟ್ಟಿದಂಗ. ಕಂಡಕ್ಟರ್ ಅಂದಮ್ಯಾಲ ಊರ ಹೆಸರು ಕೂಗಬೇಕಲ್ರಿ? ಕುಂದಗೋಳ ಅನ್ನೂದರೊಳಗ ಕುಂದಗೋಳ ದಾಟಿ ಹೋಗಿರ್ತೈತಿ ಅಂತ ಮಂದಿ ನಗ್ತಿದ್ರು. ಮದಿವ್ಯಾಗೂ ನಕ್ರು. ಮನ್ಯಾಗೂ ನಕ್ರು,” ಎನ್ನುತ್ತ ಅವರ ಕಣ್ಣು ಪಡಸಾಲೆಯತ್ತ, ನೆಗೆಣ್ಣಿಯತ್ತ ಹೋಯಿತು. “ಬೀಜ ಮಾಡಿಸಿದ ಮ್ಯಾಲ ಮೊದಲನೇ ಸಲ ಕೇಳಿದೆ ನೋಡ್ರಿ. ಒಂದ್ ಕಡೆನೂ ತಡೀಲಿಲ್ಲ. ಬದುಕಿದ್ದಾಗ ಬಿಚ್ಚಲಾರದ ಗಂಟು ಸತ್ತ ಮ್ಯಾಲೆ ಬಿಚ್ಚಿತಲ್ಲ ಅಂತ ಅತ್ತೆ. ನಾಲ್ಕು ಮಂದ್ಯಾಗ ಅವರು ಒಂದ್ ಸಲಾದರೂ ಚಂದಂಗ ಮಾತಾಡಬೇಕ್ರಿ.”

ನಾನು ಧೈರ್ಯ ಹೇಳಿ ಬಂದೆ. ಎಂತಹ ಸದ್ದಾದರೂ ತೆಗೆಯುತ್ತೇನೆ, ಚಿಂತೆ ಬೇಡ ಎಂದೆ. ಅವರು ತೊದಲಿನ ವಿಷಯ ಹೇಳಿದ್ದು ಒಂದು ಕಿವಿಯಲ್ಲಿತ್ತು, ಟಕ್ ಟಕ್ ಸದ್ದು ಇನ್ನೊಂದು ಕಿವಿಯಲ್ಲಿತ್ತು. ಎರಡೂ ಒಂದೇ ಎಂದು ನನಗೆ ಹೊಳೆಯಲಿಲ್ಲ. ವರ್ಷಗಟ್ಟಲೆ ಕಸವೆಂದು ಎಸೆಯುತ್ತ ಬಂದವರಿಗೆ ಕೈಗೆ ಬಂದದ್ದೆಲ್ಲ ಕಸವಾಗಿಯೇ ಕಾಣುತ್ತದೆ.

*

ಧ್ವನಿಕೋಶದ ಯಂತ್ರಕೋಣೆ ನೆಲಮಾಳಿಗೆಯಲ್ಲಿದೆ. ಅದರ ಯಜಮಾನ ಅಸ್ಲಂ ಮುಲ್ಲಾ. ನನ್ನದೇ ವಯಸ್ಸು, ನನ್ನ ಜೊತೆಗೇ ಕೆಲಸಕ್ಕೆ ಸೇರಿದವನು. ಊರ ಚಿಂತೆ ಮಾಡಿ ಮುಲ್ಲಾ ಸೊರಗಿದ ಎಂಬ ಗಾದೆಯನ್ನು ನಾನು ಅವನ ಹೊಟ್ಟೆ ನೋಡಿಯೇ ಹೇಳುವುದು. ಅವನದು ಸೊರಗುವ ಮೈಯಲ್ಲ.

“ಮುಲ್ಲಾ ಸಾಹೇಬ್ರ, ಈ ಬೀಜದಾಗ ಸದ್ದು ಐತಿ, ನೋಡ್ರಿ.”

“ಬೀಜದಾಗ ಸದ್ದು ಇರಂಗಿಲ್ಲ ನೀಲಕ್ಕ. ಅದು ಉಳಿಕಿ ಇರಬೇಕು,” ಎಂದ ಅಸ್ಲಂ.

ಉಳಿಕೆಯ ವಿಷಯ ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಸದ್ದನ್ನು ಬೀಜ ಮಾಡುವಾಗ ಯಂತ್ರವು ಮಾತೆಂದು ಒಪ್ಪದ ಚೂರುಗಳು ಹಿಂದೆ ಉಳಿಯುತ್ತವೆ. ಗಾಳಿ, ಪಾತ್ರೆಯ ಸದ್ದು, ಪಕ್ಕದವರ ಗುಸುಗುಸು. ಅದನ್ನು ಹದಿನೈದು ವರ್ಷ ಕೋಶದಲ್ಲಿ ಇಟ್ಟು ಆಮೇಲೆ ಅಳಿಸಬೇಕೆಂದು ಕಾಯಿದೆಯಲ್ಲಿದೆ. ಹದಿನೈದು ವರ್ಷ ಈ ತಿಂಗಳ ಮೂವತ್ತಕ್ಕೆ ತುಂಬುತ್ತಿತ್ತು. ಅಲ್ಲಿಯವರೆಗೆ ದನಿ ತೀರ ಬರಡಾಗದಿರಲಿ ಎಂದು ಮಾತುಗಳ ನಡುವಿನ ಮೌನದಲ್ಲಿ ಈ ಉಳಿಕೆಯನ್ನು ಸಣ್ಣಗೆ ಹರಿಸುತ್ತಾರೆ. ಅನ್ನದ ಗಂಜಿಯನ್ನು ಪೂರ್ತಿ ಬಸಿಯದೆ ಸ್ವಲ್ಪ ಬಿಟ್ಟ ಹಾಗೆ.

ಅಸ್ಲಂ ಎರಡು ಗೆರೆಗಳನ್ನು ಪರದೆಯ ಮೇಲೆ ಒಂದರ ಕೆಳಗೊಂದು ಇಟ್ಟ. ಮೇಲಿನದು ಬೀಜದಿಂದ ಬೆಳೆದ ದನಿ, ನಲವತ್ತೇಳು ಸೆಕೆಂಡು. ಕೆಳಗಿನದು ಉಳಿಕೆ, ಐವತ್ತೆಂಟು ಸೆಕೆಂಡು.

“ಹೋದ ತಿಂಗಳ ಹೊಸಾ ತಿದ್ದುಪಡಿ ಬಂತಲ್ಲ? ಮಾತಿನ ನಡುವ ಉದ್ದ ಮೌನ ಇದ್ರ ಕತ್ತರಿಸೂದು ಅಂತ. ಇಲ್ಲಿ ಹನ್ನೊಂದು ಸೆಕೆಂಡಿನ ಮೌನ ಕತ್ತರಿಸ್ಯಾರ, ಉಳಿಕಿ ಕತ್ತರಿಸಿಲ್ಲ. ಹಿಂಗಾಗಿ ಉಳಿಕಿ ಸರದು ಮಾತಿನ ಮ್ಯಾಲ ಬಿದ್ದೈತಿ. ಎಲ್ಲಾರ ಮನ್ಯಾಗೂ ಬಿದ್ದೈತಿ, ಅವರದು ಬರೇ ಫ್ಯಾನಿನ ಗಾಳಿ, ಗೊತ್ತಾಗಿಲ್ಲ.” ಅವನು ಕೆಳಗಿನ ಗೆರೆಯನ್ನು ದೊಡ್ಡದು ಮಾಡಿದ. “ಈ ಮನಷ್ಯಾಂದು ಯಾಕ ಇಷ್ಟು ದಪ್ಪ ಐತಿ? ಮಾತಿಗಿಂತ ಉಳಿಕೀನss ಹೆಚ್ಚು.”

ನಾನು ಹೆಡ್‌ಫೋನ್ ಹಾಕಿಕೊಂಡು ಉಳಿಕೆಯನ್ನಷ್ಟೇ ಪೂರ್ತಿ ದನಿಯಲ್ಲಿ ಕೇಳಿದೆ. ಹೆಂಗಸರ ನಗು. ಬಳೆ. ಆಮೇಲೆ ಟಕ್, ಟಕ್, ಟಕ್. ಅದು ಟಕ್ ಅಲ್ಲ. ಒಂದು ಅಕ್ಷರದ ಮೊದಲ ಚೂರು. ಗಂಟಲಿನ ಬಾಗಿಲಿಗೆ ಬಂದು ಬಡಿದು ಹಿಂದೆ ಸರಿಯುತ್ತಿರುವ ‘ಕ’. ಸೊರ್ರ್ ಎಂದದ್ದು ಉಸಿರು. ಮತ್ತೆ ಬಡಿಯಲು ಎಳೆದುಕೊಂಡ ಉಸಿರು.

ಹೆಡ್‌ಫೋನ್ ತೆಗೆದಿಟ್ಟೆ.

“ಏನಾತು ನೀಲಕ್ಕ?”

“ಇದು ಕಸ ಅಲ್ಲ ಸಾಹೇಬ್ರ. ಇದು ಅವನss.”

ಅಸ್ಲಂ ಕೆಳಗಿನ ಗೆರೆಯನ್ನು ಮೇಲಿನದರ ಪಕ್ಕಕ್ಕೆ ಎಳೆದು ನೋಡಿದ. ಆಮೇಲೆ, “ಕೂಡಿಸಿದ್ರ ಬರ್ತೈತಿ,” ಎಂದ. “ಮೂಲದಾಗ ಮಾತು ಕಳದ್ರ ಉಳಿಕಿ ಉಳೀತು. ಉಳಿಕಿಗೆ ಮಾತು ಕೂಡಿಸಿದ್ರ ಮೂಲ ಬರಬೇಕು. ಕತ್ತರಿಸಿದ ಮೌನ ತಿರುಗಿ ತೆರದು, ಜಾಗಕ್ಕ ಜಾಗ ಕೂಡಿಸಬೇಕು. ಆದ್ರ ಹಂಗ ಕೂಡಿಸಿದ್ದು ಬೀಜ ಆಗಂಗಿಲ್ಲ, ಹಸೀ ಸದ್ದು ಆಗ್ತೈತಿ. ಒಂದ್ ನಿಮಿಷದ ಹಸೀ ಸದ್ದಿಗೆ ಮನಿ ಮಡಿಕಿ ಪೂರಾ ಬೇಕು. ಅವರ ಮಡಿಕ್ಯಾಗ ಮತ್ತೇನೇನ್ ಐತಿ?”

ನೋಡಿದೆವು. ಮುನ್ನೂರ ಹನ್ನೆರಡು ಮಾತುಗಳಿದ್ದವು. ಎಲ್ಲವೂ ಫಕ್ಕೀರಪ್ಪ ಡ್ಯೂಟಿಯಿಂದ ಹೆಂಡತಿಗೆ ಕಳಿಸಿದವು.

ನನ್ನ ಅವ್ವನ ವಿಷಯ ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಅವ್ವನಿಗೆ ಉಬ್ಬಸವಿತ್ತು. ಅವಳ ರೆಕಾರ್ಡುಗಳಲ್ಲಿ ನನ್ನ ಹೆಸರಿಗೆ ಮೊದಲು ಯಾವಾಗಲೂ ಒಂದು ಸುಂಯ್ ಎನ್ನುವ ಎಳೆತ. ಅವಳು ಹೋದ ಮೇಲೆ ಅದನ್ನು ಕೇಳಿ ಸಹಿಸಲಾಗದೆ ನಾನೇ ಕುಳಿತು ಒಂದೊಂದಾಗಿ ತೆಗೆದೆ. ಬೀಜದ ಕಾಯಿದೆಗೂ ಮೊದಲು, ನನ್ನ ಕೈಯಾರೆ, ನನ್ನ ಕಲೆಯನ್ನೆಲ್ಲ ಸುರಿದು. ಎಷ್ಟು ಚೊಕ್ಕವಾಗಿ ತೆಗೆದೆನೆಂದರೆ ಉಳಿಕೆ ಎಂಬುದೇ ಉಳಿಯಲಿಲ್ಲ. ಈಗ ಅವ್ವ ನನ್ನನ್ನು ನೀಲಾ ಎಂದು ಕರೆಯುತ್ತಾಳೆ, ಸುದ್ದಿ ಓದುವವರು ಕರೆದ ಹಾಗೆ. ನಾನು ಓಗೊಡುವುದಿಲ್ಲ. ಅಸ್ಲಂನಿಗೆ ಇದು ಗೊತ್ತು. ಅದಕ್ಕೇ ಅವನು ಆವತ್ತು ನನ್ನ ಮುಖ ನೋಡದೆ, ಕೇಳದೆಯೇ, ಮೌನಗಳನ್ನು ತೆರೆಯುವ ಕೆಲಸಕ್ಕೆ ಕುಳಿತ.

*

ಶುಕ್ರವಾರ ಕಸ್ತೂರವ್ವನನ್ನು ಯಂತ್ರಕೋಣೆಗೆ ಕರೆಸಿಕೊಂಡೆ. ಎದುರಿಗೆ ಕೂರಿಸಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆ ಸದ್ದು ನಿಮ್ಮ ಯಜಮಾನರ ತೊದಲು. ತೆಗೆದರೆ ಚೊಕ್ಕ ಒಡಪು ಇವತ್ತೇ ಸಿಗುತ್ತದೆ, ತೊದಲು ಎಂದೆಂದಿಗೂ ಹೋಗುತ್ತದೆ. ತೆಗೆಯದೆ ಕೂಡಿಸಿದರೆ ಅವರ ನಿಜವಾದ ದನಿ ಬರುತ್ತದೆ, ಆದರೆ ಉಳಿದ ಮುನ್ನೂರ ಹನ್ನೆರಡು ಮಾತುಗಳನ್ನು ಬಿಟ್ಟುಕೊಡಬೇಕು. ಮೂವತ್ತನೆಯ ತಾರೀಖಿನ ನಂತರ ಕೂಡಿಸಲೂ ಆಗುವುದಿಲ್ಲ.

ಅವರು ನನ್ನನ್ನು ದುರುಗುಟ್ಟಿ ನೋಡಿದರು. “ಸದ್ದು ತಗೀ ಅಂದ್ರ ಇಂಥಾದ್ ತಂದು ಮುಂದ ಇಡ್ತೀರಲ್ರಿ ನೀವು? ನಾಲ್ಕು ಮಂದ್ಯಾಗ ಮತ್ತ ಅವರನ್ನ ನಗಿಪಾಟಲಿ ಮಾಡ್ಲೇನು ನಾ?”

“ಒಂದ್ ಸಲ ಕೇಳ್ರಿ. ಕೇಳಿ ಬ್ಯಾಡ ಅಂದ್ರ, ನಾನss ಸ್ವತಃ ತಗೀತೇನಿ.”

ಅಸ್ಲಂ ಗುಂಡಿ ಒತ್ತಿದ.

ಕೋಣೆಯೊಳಗೆ ಒಂದು ಮನೆ ತೆರೆದುಕೊಂಡಿತು. ಬಳೆಗಳು, ಮಗುವೊಂದರ ಅಳು, ಎಲ್ಲೋ ಬಿದ್ದ ತಟ್ಟೆ, ‘ಒಡಪ ಹೇಳಿ ಒಳಗ ಬಾ’ ಎಂದು ಗದ್ದಲ ಹಾಕುವ ಹೆಂಗಸರು. ಫಕ್ಕೀರಪ್ಪನ ದನಿ ನಾವು ಇಷ್ಟು ದಿನ ಕೇಳಿದ್ದಕ್ಕಿಂತ ತೆಳ್ಳಗಿತ್ತು, ಹೆದರಿತ್ತು. ಮೊದಲ ಸಾಲು ಹಾಡಿದ ಹಾಗೆ ಹೇಳಿ ದಾಟಿದ. ‘ಇಳೀದಂಗ ಕುಂತಾಳ ಕ...’ ಎಂದಲ್ಲಿ ನಿಂತ. ಕ, ಕ, ಕ. ಉಸಿರು. ‘ಕಿಡಕಿ ಸೀಟಿಗೆ.’ ಮತ್ತೆ ನಿಂತ. ಹೆಂಗಸರ ನಗು. ಯಾರೋ ‘ಗಾಡಿ ಕೆಟ್ಟು ನಿಂತು’ ಎಂದರು, ಇನ್ನೂ ದೊಡ್ಡ ನಗು. ಕಸ್ತೂರವ್ವ ಕಣ್ಣು ಮುಚ್ಚಿದರು. ಆ ನಗುವನ್ನು ನಲವತ್ತಾರು ವರ್ಷ ಹೊತ್ತವರು ಅವರು, ಮತ್ತೆ ಕೇಳಿಸಿದ್ದಕ್ಕೆ ನನಗೆ ನಾಚಿಕೆಯಾಯಿತು. ಕ, ಕ. ಉಸಿರು. ಕ.

ಆಗ, ಬಹಳ ಹತ್ತಿರದಲ್ಲಿ, ಒಂದು ಎಳೆಯ ಹೆಣ್ಣು ದನಿ. ಯಾರಿಗೂ ಕೇಳಿಸಬಾರದೆಂದು ಹೇಳಿದ ಪಿಸುಮಾತು.

‘ಅವಸರ ಇಲ್ರಿ. ನಾ ಎಲ್ಲಿ ಹೋಗ್ತೇನಿ.’

ಒಂದು ಉಸಿರು. ಆಮೇಲೆ, ಒಂದೇ ಏಟಿಗೆ, ಸ್ಪಷ್ಟವಾಗಿ: ‘ಕಸ್ತೂರಿ.’

ಕಸ್ತೂರವ್ವ ಕಣ್ಣು ಬಿಟ್ಟರು. “ಅದ್ಯಾರು? ನಡುವ ಮಾತಾಡಿದಾಕಿ?”

“ನೀವss ಅವ್ವಾರ,” ಎಂದೆ.

“ನಾನು?” ಎಂದವರು ಸ್ಪೀಕರಿನತ್ತ ನೋಡಿದರು, ಅಲ್ಲಿ ಯಾರೋ ನಿಂತಿದ್ದಾರೆಂಬಂತೆ. “ನಾನು ಹಂಗಂದಿದ್ನೇನು? ನನಗ ನೆಪ್ಪss ಇಲ್ಲಲ್ರಿ.” ಮತ್ತೊಮ್ಮೆ ಹಚ್ಚಲು ಹೇಳಿದರು. ಮತ್ತೊಮ್ಮೆ. ಐದನೆಯ ಸಲ ಕೇಳಿ ಮುಗಿದ ಮೇಲೆ ನಿಧಾನವಾಗಿ ಹೇಳಿದರು. “ಇವರು ತಡೀತಾರ ಅನ್ನೂದಷ್ಟss ನೆಪ್ಪಿಟ್ಟೆ ನೋಡ್ರಿ. ಕಾದಿದ್ದು ಮರತೆ.”

ಅವರು ಆವತ್ತು ಉತ್ತರ ಕೊಡದೆ ಹೋದರು. ನಾಲ್ಕು ದಿನ ಬರಲಿಲ್ಲ. ನಾನು ಕರೆ ಮಾಡಲೂ ಇಲ್ಲ. ಇನ್ನೊಬ್ಬರ ಮನೆಯ ದೇವರ ಕೋಣೆಗೆ ಚಪ್ಪಲಿ ಹಾಕಿಕೊಂಡು ಹೋಗಬಾರದು ಎಂಬಷ್ಟು ಬುದ್ಧಿ ನನಗೂ ಇದೆ. ಆದರೆ ಕೋಶದಲ್ಲಿ ಕುಳಿತವಳಿಗೆ ಅವರ ಮಡಿಕೆಯಲ್ಲಿ ಏನು ನಡೆಯುತ್ತಿದೆ ಎಂಬುದು ಕಾಣುತ್ತದೆ. ಒಂದೊಂದೇ ಮಾತು ತೆರೆಯುತ್ತಿತ್ತು. ಒಂದನ್ನು ಒಂದೇ ಸಲ. ‘ಹಾಲು ತಂದಿಟ್ಟೇನಿ.’ ‘ಗಾಡಿ ತಡ ಐತಿ, ಉಂಡು ಮಲ್ಕೋ.’ ‘ನವಲಗುಂದದಾಗ ಮಳಿ ಬಂತು, ಒಣಾಕ ಹಾಕಿದ ಅರಬಿ ತಗದಿಯೇನು?’ ಎಲ್ಲವೂ ತೊಳೆದಿಟ್ಟ ಮುತ್ತಿನಂತಹ ಮಾತುಗಳು, ಒಂದೂ ತೊದಲದವು. ಕೇಳಿ ಮುಗಿದದ್ದನ್ನು ಅವರು ತಮ್ಮ ಕೈಯಿಂದಲೇ ಅಳಿಸುತ್ತಿದ್ದರು. ಬುಧವಾರ ಸಂಜೆ ಐದಕ್ಕೆ ಮುನ್ನೂರ ಹನ್ನೆರಡನೆಯದೂ ಹೋಯಿತು.

ಐದೂವರೆಗೆ ಅವರು ಕೌಂಟರಿಗೆ ಬಂದು ನಿಂತರು. ಕಣ್ಣು ಊದಿತ್ತು. “ಮಡಿಕಿ ಖಾಲಿ ಮಾಡೇನ್ರಿ. ಹಾಕಿ ಕೊಡ್ರಿ,” ಎಂದರು. ಹಾಕಿಕೊಟ್ಟೆ. ಕೊಡುವಾಗ ಕೇಳಲೇಬೇಕೆನಿಸಿ, “ನಾಳಿ ಎಲ್ಲಾರ ಮುಂದ ಇದನ್ನss ಹಚ್ಚವ್ರೇನು?” ಎಂದೆ.

“ಬಂದು ನೋಡ್ರಿ,” ಎಂದರು. “ನೀವು, ಆ ಸಾಹೇಬ್ರು, ಇಬ್ರೂ ಬರ್ರಿ. ಊಟಾ ಮಾಡ್ಕೊಂಡು ಹೋಗಬೇಕು.”

*

ಗುರುವಾರ ಮಧ್ಯಾಹ್ನ ಎರಡು ಗಂಟೆಗೆ ಮದುಮಕ್ಕಳು ಬಾಗಿಲಿಗೆ ಬಂದರು. ಮೊಮ್ಮಗ ಶಿವಯೋಗಿ ಬಾಸಿಂಗ ಓರೆಯಾಗಿ ನಿಂತಿದ್ದ, ಹೊಸ ಸೊಸೆ ತಲೆ ತಗ್ಗಿಸಿದ್ದಳು. ಹೊಸ್ತಿಲ ಒಳಗೆ ಹೆಂಗಸರ ಕೋಟೆ. ನಾನೂ ಅಸ್ಲಂನೂ ಪಡಸಾಲೆಯ ಗೋಡೆಗೆ ಅಂಟಿಕೊಂಡು ನಿಂತೆವು. ಕಸ್ತೂರವ್ವ ಎಲ್ಲರ ಹಿಂದೆ, ಅಡಿಗೆಮನೆಯ ಬಾಗಿಲ ಬಳಿ ಇದ್ದರು. ಗಂಡ ಇಲ್ಲದವರು ಇಂತಹ ಹೊತ್ತಿನಲ್ಲಿ ಮುಂದೆ ನಿಲ್ಲುವುದಿಲ್ಲ. ಕಾಲ ಎಷ್ಟು ಬದಲಾದರೂ, ಕಂಪ್ಯೂಟರು ಸತ್ತವರನ್ನು ಮಾತಾಡಿಸಿದರೂ, ಅದೊಂದು ಮಾತ್ರ ಹಾಗೆಯೇ ಉಳಿದಿದೆ.

“ಮೊದಲ ಹಿರೇರದು ಹಚ್ರಿ,” ಎಂದರು ಯಾರೋ.

ಫಕ್ಕೀರಪ್ಪ ಶುರು ಮಾಡಿದ. ಮೊದಲ ‘ಕ’ದಲ್ಲಿ ಅವನು ನಿಂತಾಗ ಹುಡುಗರು ಸ್ಪೀಕರ್ ಕೆಟ್ಟಿದೆಯೆಂದು ತಿಳಿದು ಅದರತ್ತ ಓಡಿದರು. ಒಬ್ಬಳು ಹುಡುಗಿ ಕಿಸಕ್ಕನೆ ನಕ್ಕಳು. ಈರವ್ವ ಕುಳಿತಲ್ಲಿಂದಲೇ ಕೈಯೆತ್ತಿ, “ಮುಟ್ಟಬ್ಯಾಡ್ರೋ! ಸದ್ದು ಕೆಟ್ಟಿಲ್ಲ. ಅದು ನಮ್ಮ ಫಕ್ಕೀರ,” ಎಂದಳು. ಹೇಳುವಷ್ಟರಲ್ಲಿ ಯಂತ್ರದೊಳಗಿಂದ ‘ಗಾಡಿ ಕೆಟ್ಟು ನಿಂತು’ ಎಂದು ಅವಳದೇ ಪ್ರಾಯದ ದನಿ ಬಂತು, ಹಿಂದೆಯೇ ನಗು. ಈರವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ಇಡೀ ಪಡಸಾಲೆ ಸುಮ್ಮನಾಯಿತು. ಹನ್ನೊಂದು ಸೆಕೆಂಡು ಬಹಳ ದೊಡ್ಡದು. ಪಿಸುಮಾತು ಬಂತು. ಹೆಸರು ಬಂತು. ರೆಕಾರ್ಡು ಅಲ್ಲಿಗೆ ಮುಗಿಯಿತು.

ಕೊನೆಗೆ ಬಾಗಿಲು ತಡೆದ ಹೆಂಗಸರಲ್ಲಿ ಒಬ್ಬಳು ಗಂಟಲು ಸರಿಮಾಡಿಕೊಂಡು, “ಹಾಂ, ಈಗ ಹೊಸಾಬ್ರದು,” ಎಂದಳು.

“ತಡೀರಿ.”

ಕಸ್ತೂರವ್ವ ಅಡಿಗೆಮನೆಯ ಬಾಗಿಲಿನಿಂದ ಮುಂದೆ ಬಂದರು. ಜನ ದಾರಿ ಬಿಟ್ಟರು. “ಅವತ್ತ ಅವರದು ಆದ ಮ್ಯಾಲ ಎಲ್ಲಾರೂ ನಕ್ಕೋಂತ ಒಳಗ ಹೋದ್ರು. ನನ್ನ ಒಡಪ ಯಾರೂ ಕೇಳಲೇ ಇಲ್ಲ. ಅವರು ಕೇಳ್ಲಿಲ್ಲ ಅಂತ ನಾನೂ ಹೇಳ್ಲಿಲ್ಲ. ಈಗ ಹೇಳ್ತೇನಿ.”

“ಏ ತಂಗಿ, ನೀ ಈಗ ಹೇಳೂದು...” ಎಂದು ಈರವ್ವ ಶುರು ಮಾಡಿ, ಅಲ್ಲಿಗೇ ನಿಲ್ಲಿಸಿದಳು.

ಕಸ್ತೂರವ್ವ ಹೊಸ್ತಿಲಿಗೆ ಎದುರಾಗಿ ನಿಂತು, ಮದುಮಕ್ಕಳನ್ನಾಗಲಿ ನಮ್ಮನ್ನಾಗಲಿ ನೋಡದೆ ಹೇಳಿದರು:

“ಎಲ್ಲಾರ ಬಾಯಾಗ ನನ್ನ ಹೆಸರು ಓಡೋಡಿ ಹೋತಪ್ಪ,
ನಿಂತು ನಿಂತು ಕರದಾಂವ ಒಬ್ಬನss ನಮ್ಮ...”

ಅಲ್ಲಿ ಅವರು ನಿಂತರು. ಬಾಯಿ ತೆರೆದಿತ್ತು, ಮಾತು ಹೊರಡಲಿಲ್ಲ. ಕೆನ್ನೆಯ ಮೇಲೆ ನೀರಿಳಿಯಿತು. ಗಂಡನ ಹೆಸರನ್ನು ಅವರು ಇಡೀ ಜೀವಮಾನದಲ್ಲಿ ಒಮ್ಮೆಯೂ ಬಾಯಿಬಿಟ್ಟು ಹೇಳಿದವರಲ್ಲ. ಮತ್ತೆ ಪ್ರಯತ್ನಿಸಿದರು, ಮತ್ತೆ ನಿಂತರು. ಮನೆ ತುಂಬ ಜನರಿದ್ದರು, ಒಲೆಯ ಮೇಲೆ ಸಾರು ಕುದಿಯುತ್ತಿತ್ತು, ಮದುಮಕ್ಕಳು ಬಿಸಿಲಿನಲ್ಲಿ ನಿಂತಿದ್ದರು. ಒಬ್ಬರೂ ನಗಲಿಲ್ಲ, ಒಬ್ಬರೂ ಅವರ ಪರವಾಗಿ ಆ ಹೆಸರು ಹೇಳಿ ಮುಗಿಸಲಿಲ್ಲ. ಎಷ್ಟು ಹೊತ್ತಾಯಿತೆಂದು ನಾನು ಎಣಿಸಲಿಲ್ಲ.

“ಫಕ್ಕೀರಪ್ಪ,” ಎಂದರು ಕಸ್ತೂರವ್ವ.